ಸೂಲಗಿತ್ತಿಯ ದಾಸೋಹ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಕಿರಾಣಿ ಅಂಗಡಿಯ ಮುಂದೆ ನಿಂತು ಅಂಟು, ಉತ್ತತ್ತಿ, ಒಣಕೊಬ್ಬರಿ, ಗಸಗಸೆ, ಅಳವಿಗಳನ್ನು ಒಟ್ಟಿಗೆ ಕಟ್ಟಿಸಿಕೊಳ್ಳುವ ಗೃಹಸ್ಥನನ್ನು ಕಂಡವರು, ಅವನ ಮನೆಯಲ್ಲಿ ಬಾಣಂತಿಯಿರುವಳೆಂಬುದನ್ನು ಕೇಳದೆಯೇ ತಿಳಿಯುವರು. ಆತನು ಕಮಲಾಪುರದ ಕಡೆಯ ಹಳ್ಳಿಯಿಂದ ಬಂದವನಾದರೆ ಕೈಯಲ್ಲೊಂದು ಚೀಟಿಯೂ ಇರುವುದು. ಬರೆದವನು ಶಾಲೆಗೆ ಹೋಗುವ ಮೊಮ್ಮಗ. ಹೇಳಿ ಬರೆಯಿಸಿದವಳು ಮನೆಯ ಆಯಿ. ಎಷ್ಟು ಅಂಟಿಗೆ ಎಷ್ಟು ಬೆಲ್ಲ, ಎಷ್ಟನೆಯ ದಿನ ಅಳವಿಯ ಪಾಯಸ ಎಂಬುದೆಲ್ಲವೂ ಆಕೆಯ ನಾಲಗೆಯ ಮೇಲಿರುವ ಶಾಸ್ತ್ರ. ಅಂಗಡಿಯಲ್ಲಿ ಪದಾರ್ಥಕ್ಕೆ ಬೆಲೆಯುಂಟು. ಚೀಟಿ ಹೇಳಿದವಳಿಗೆ ಬೆಲೆ ಕಟ್ಟಿದವರಾರು?

ಹಿಂದೆ ಊರೂರಿಗೆ ಇಂತಹ ಒಬ್ಬ ಅಜ್ಜಿಯಿದ್ದಳು. ಆಕೆ ಒಂದು ಮನೆಯ ಅಜ್ಜಿಯಲ್ಲ, ಊರಿನ ಅಜ್ಜಿ. ನಡುರಾತ್ರಿಯಲ್ಲಿ ಕಂದೀಲು ಹಿಡಿದು ಬಂದು ಕರೆದರೆ ಏಳುವಳು. ತನ್ನ ಕೈಯಲ್ಲಿ ಹುಟ್ಟಿದವರ ಮಕ್ಕಳನ್ನೂ ತನ್ನ ಕೈಯಿಂದಲೇ ಭೂಮಿಗೆ ಇಳಿಸಿಕೊಳ್ಳುವಳು. ಆಕೆಯನ್ನು ಸೂಲಗಿತ್ತಿಯೆಂದು ಕರೆದರು.

ಈ ಅಜ್ಜಿಯರ ಪೈಕಿ ಲೋಕವು ಹೆಸರು ಹಿಡಿದು ಗುರುತಿಸಿದವರು ತುಮಕೂರು ಜಿಲ್ಲೆ ಪಾವಗಡ ತಾಲೂಕಿನ ಕೃಷ್ಣಾಪುರದ ನರಸಮ್ಮನವರು. 1920ರಲ್ಲಿ ಜನಿಸಿದ ಈ ತಾಯಿಗೆ ಓದುಬರಹವಿರಲಿಲ್ಲ. ಹನ್ನೆರಡನೆಯ ವಯಸ್ಸಿಗೆ ವಿವಾಹ. ಹಡೆದವರು ಹನ್ನೆರಡು ಮಕ್ಕಳನ್ನು, ಅವರಲ್ಲಿ ನಾಲ್ವರನ್ನು ಎಳವೆಯಲ್ಲಿಯೇ ಕಳೆದುಕೊಂಡರು. ಹೆರಿಗೆಯ ವಿದ್ಯೆ ಬಂದುದು ತಮ್ಮ ಅಜ್ಜಿ ಮರಿಗೆಮ್ಮನವರಿಂದ. ಇಪ್ಪತ್ತರ ಹರೆಯದಲ್ಲಿ, 1940ರಲ್ಲಿ, ಮೊದಲ ಹೆರಿಗೆ ಮಾಡಿಸಿದರು. ಮುಂದೆ ಎಪ್ಪತ್ತು ವರ್ಷಗಳಲ್ಲಿ ಅವರ ಕೈಯಲ್ಲಿ ಜನಿಸಿದ ಶಿಶುಗಳು 15,000ಕ್ಕೂ ಹೆಚ್ಚು. ಲೆಕ್ಕ ಹಾಕಿದರೆ ವಾರಕ್ಕೆ ನಾಲ್ಕಾಯಿತು. ಇದರ ನಡುವೆ ತಮ್ಮ ಮನೆಯ ಒಲೆಯೂ ಉರಿಯಬೇಕಾಗಿತ್ತಲ್ಲವೆ! ಅದಕ್ಕಾಗಿ ಹೊಲದ ಕೂಲಿಗೆ ಹೋಗುತ್ತಿದ್ದರು. ಹೆರಿಗೆಗೆ ಮಾತ್ರ ಹಣ ಕೇಳಿದವರಲ್ಲ.

ಇಲ್ಲಿ ಸದ್ಭಕ್ತರು ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಹೆರಿಗೆ ಮಾಡಿಸುವುದು ನರಸಮ್ಮನವರ ಕಾಯಕವಾಗಿತ್ತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಹಾಗಲ್ಲ. ಶರಣರ ಮತದಲ್ಲಿ ಕಾಯಕವೆಂದರೆ ಮೈಮುರಿದು ದುಡಿದು ಸತ್ಯಶುದ್ಧವಾಗಿ ಜೀವನಕ್ಕೆ ಗಳಿಸುವುದು. ಆ ಗಳಿಕೆಯನ್ನು ಆಶ್ರಯಿಸಿ ಅಹಂಕಾರವಿಲ್ಲದೆ ನೀಡುವುದು ದಾಸೋಹ. ಕದಿರ ರೆಮ್ಮವ್ವೆ ನೂತಳು, ಕೊಟ್ಟಣದ ಸೋಮಮ್ಮ ಕುಟ್ಟಿದಳು. ಆಯ್ದಕ್ಕಿ ಲಕ್ಕಮ್ಮ, ಪತಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರಹೇಳಿದಳು. ಈ ದೃಷ್ಟಿಯಿಂದ ನೋಡಿದರೆ ನರಸಮ್ಮನವರ ಕಾಯಕವು ಹೊಲದ ಕೂಲಿ, ಹೆರಿಗೆಯು ಅವರ ದಾಸೋಹ. ಆ ತಾಯಿ ಯಾವ ಮಠದ ಶಿಷ್ಯೆ ಎಂಬ ವಿಚಾರ ಇಲ್ಲಿ ಅಪ್ರಸ್ತುತ.

ಇನ್ನೊಂದು ಸಂಗತಿಯುಂಟು. ಊರಿಗೆ ಬಂದ ಅಲೆಮಾರಿಗಳಿಗೆ ಅವರು ಆಶ್ರಯ ಕೊಡುತ್ತಿದ್ದರು. ಅವರಿಂದಲೇ ಬಸುರಿಯರಿಗೆ ಕೊಡುವ ನಾಟಿ ಮದ್ದುಗಳನ್ನು ಕಲಿತರು; ಗರ್ಭದಲ್ಲಿ ಶಿಶುವಿನ ತಲೆ ಯಾವ ಕಡೆಗಿದೆ, ನಾಡಿ ಹೇಗಿದೆ ಎಂಬುದನ್ನು ಅರಿಯುವ ನೈಪುಣ್ಯವೂ ದೊರೆಯಿತು. ಬಾಗಿಲಿಗೆ ಬಂದ ದಾರಿಹೋಕನನ್ನು ಮುಂದಕ್ಕೆ ಕಳುಹಿಸಿದ್ದರೆ ಈ ವಿದ್ಯೆಯೂ ಅವನೊಡನೆ ಮುಂದಿನ ಊರಿಗೆ ಹೋಗುತ್ತಿತ್ತು.

ಇಂದು ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗತಕ್ಕದ್ದು. ತಾಯಿ ಮಗು ಉಳಿಯುವುದೇ ಮುಖ್ಯವಾದುದರಿಂದ ಈ ವಿಷಯದಲ್ಲಿ ಹಳೆಯದರ ಮೋಹ ಸಲ್ಲದು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಡೆಯುವುದೇನು? ಕೆಲವು ಲಿಂಗಧಾರಿಗಳ ಮನೆಗಳಲ್ಲಿಯೂ ಬಾಣಂತಿಯ ಕೋಣೆಯನ್ನು ಮುಟ್ಟಬಾರದೆನ್ನುವರು, ದೇವರ ಜಗಲಿಗೆ ತೆರೆ ಎಳೆಯುವರು, ದಿನಗಳನ್ನು ಎಣಿಸುವರು. ಹಳೆಯ ಕಾಲದಲ್ಲಿ ಸೂಲಗಿತ್ತಿಗೂ ಇದೇ ಗತಿಯಾಗಿತ್ತು. ನೋವಿನ ರಾತ್ರಿಯಲ್ಲಿ ಅವಳು ತಾಯಿ. ಬೆಳಗಾದೊಡನೆ ಹಿತ್ತಿಲ ಬಾಗಿಲಿನಿಂದ ಹೋಗತಕ್ಕವಳು. ಕೂಸನ್ನು ಮೊದಲು ಮುಟ್ಟಿದ ಕೈಯೇ ಮೈಲಿಗೆಯ ಕೈಯಾಯಿತು!

ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಜನನಸೂತಕವೇ ಇವುಗಳಲ್ಲಿ ಮೊದಲನೆಯದು. ಗರ್ಭಸ್ಥ ಶಿಶುವಿಗೆ ಎಂಟನೆಯ ತಿಂಗಳಲ್ಲಿಯೇ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮದು. ಲಿಂಗಸಂಬಂಧವಾದ ಶಿಶು ಹೊರಗೆ ಬಂದೊಡನೆ ಅಶುದ್ಧವಾಗುವುದು ಯಾವ ನ್ಯಾಯ? ಆ ಶಿಶು ಅಶುದ್ಧವಲ್ಲವಾದರೆ ಹಡೆದವಳೂ ಅಲ್ಲ, ಹಿಡಿದವಳೂ ಅಲ್ಲ. ಈ ಮಾತನ್ನು ಪ್ರವಚನದಲ್ಲಿ ಕೇಳಿ ತಲೆದೂಗಿದ ಗೃಹಸ್ಥನೇ ಮನೆಗೆ ಹೋಗಿ, "ಹಿರಿಯರು ಮಾಡಿಕೊಂಡು ಬಂದದ್ದು, ಬಿಡೋದು ಹ್ಯಾಂಗ?" ಎನ್ನುತ್ತಾನೆ. ಬಿಡಿಸಲು ಹೊರಟವರೇ ಆತನ ಹಿರಿಯರೆಂಬುದು ಆಗ ನೆನಪಿಗೆ ಬಾರದು. ಕಲಬುರಗಿಯಿಂದ ಕಮಲಾಪುರ, ಹುಮನಾಬಾದುಗಳ ಮೇಲೆ ಸಾಗುವ ಹಾದಿ ಬಸವಕಲ್ಯಾಣದ ಹಾದಿಯೂ ಹೌದು. ಅಷ್ಟು ಸಮೀಪದಲ್ಲಿದ್ದವರಿಗೆ ಈ ಮರೆವು ಹೆಚ್ಚಿನ ಲಜ್ಜೆಯ ಸಂಗತಿ.

ನರಸಮ್ಮನವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಡಿಸೆಂಬರ್ 25ರಂದು ತಮ್ಮ 98ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ದೇಹವಿಟ್ಟರು. ವಿದ್ಯೆ ಕೊಟ್ಟ ಅಜ್ಜಿ ಮರಿಗೆಮ್ಮನವರಿಗೆ ಯಾವ ಪ್ರಶಸ್ತಿಯೂ ಇಲ್ಲ. ಮೊಮ್ಮಗಳ ಬಾಯಿಂದ ಅವರ ಹೆಸರು ಉಳಿಯಿತು.

ಚೀಟಿ ಹಿಡಿದು ಸೂಪರ್ ಮಾರ್ಕೆಟ್ಟಿಗೆ ಬಂದ ಗೃಹಸ್ಥನು ಸಂಜೆಯ ಮೋಟಾರಿಗೆ ಊರು ಸೇರುವನು. ಕೆಲವು ದಿನಗಳಲ್ಲಿ ಅವನ ಮನೆಯಲ್ಲಿ ತೊಟ್ಟಿಲ ಕಾರ್ಯ. ಜಂಗಮರು ಬರುವರು, ಪಾದಪೂಜೆಯಾಗುವುದು, ಬೀಗರೆಲ್ಲ ಪಡಸಾಲೆಯಲ್ಲಿ ಕೂಡುವರು. ಆ ಹೊತ್ತಿನಲ್ಲಿ ಆಯಿಯನ್ನು ಕರೆದು ಕೂಸನ್ನು ಆಕೆಯ ಉಡಿಯಲ್ಲಿಟ್ಟು ಮುಂದಿನ ಸಾಲಿನಲ್ಲಿ ಕೂಡಿಸುವರೋ, ಅಥವಾ ಬಾಣಂತಿಯ ಬಟ್ಟೆ ಹಿಂಡುತ್ತ ಆಕೆ ಹಿತ್ತಿಲಲ್ಲಿಯೇ ಇರುವಳೋ?