ಸಬ್ಬತ್ ದೀಪ: ಬೆಳಕು ಯಾರಿಗಾಗಿ?

ಸಂಪ್ರದಾಯಸ್ಥ ಯಹೂದಿ ಮನೆಯಲ್ಲಿ ಯಾವ ಕೋಣೆಗೆ ಎಷ್ಟು ಬೆಳಕು ಬೇಕೆಂಬುದು ಶುಕ್ರವಾರ ಸೂರ್ಯಾಸ್ತಕ್ಕೆ ಮೊದಲೇ ತೀರ್ಮಾನವಾಗಬೇಕು. ಆಗ ಶುರುವಾಗುವ ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಲ್ಲಿ ಮನೆಯೊಳಗೆ ಬೆಂಕಿ ಹೊತ್ತಿಸುವುದನ್ನು ಯಹೂದಿ ಧರ್ಮಗ್ರಂಥ ತೋರಾ ನಿಷೇಧಿಸಿದೆ. ಆದರೂ ಆ ರಾತ್ರಿ ಮನೆ ಕತ್ತಲಾಗಿರಬಾರದೆಂದು ಧರ್ಮಜ್ಞರು ವಿಧಿಸಿದರು. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಧರ್ಮನಿಯಮಗಳ ಗ್ರಂಥ ಮಿಶ್ನಾದಲ್ಲಿ ಯಾವ ಬತ್ತಿ, ಯಾವ ಎಣ್ಣೆ ತಕ್ಕದ್ದು ಎಂಬುದಕ್ಕೇ ಒಂದು ಅಧ್ಯಾಯವಿದೆ. ಮಂಕಾಗಿ ಉರಿಯುವ ದೀಪವನ್ನು ಎಣ್ಣೆ ಬತ್ತಿಗೆ ತಾಗಲೆಂದು ಯಾರಾದರೂ ಓರೆಮಾಡಿಯಾರು, ನಿಯಮ ಮುರಿದೀತು ಎಂಬ ಆತಂಕ ಅದರ ಹಿಂದಿದೆ.

ಈ ಬೆಳಕು ದೇವರಿಗೋ, ಮನೆಯವರಿಗೋ? ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥ ತಾಲ್ಮುಡ್‌ನ ಉತ್ತರ ಬೆರಗು ಹುಟ್ಟಿಸುವಷ್ಟು ಮಾನವೀಯ. ಒಂದೇ ದೀಪಕ್ಕಾಗುವಷ್ಟು ಹಣವಿರುವ ಬಡವ ಹನುಕ್ಕಾ ಹಬ್ಬದ ದೀಪವನ್ನು ಬಿಟ್ಟು ಮನೆಯ ಸಬ್ಬತ್ ದೀಪವನ್ನೇ ಹಚ್ಚಬೇಕು. ಕಾರಣ, ಮನೆಯ ನೆಮ್ಮದಿ. ಕತ್ತಲಲ್ಲಿ ಎಡವುತ್ತ, ತಟ್ಟೆಯಲ್ಲಿರುವುದು ಕಾಣದೆ ಉಣ್ಣುವವರಿಗೆ ಹಬ್ಬವೆಲ್ಲಿ? ಹನುಕ್ಕಾ ದೀಪ ಪವಾಡವೊಂದರ ಸ್ಮರಣೆ. ಅದರ ಬೆಳಕನ್ನು ಬಳಸುವಂತಿಲ್ಲ, ಅದಕ್ಕೆಂದೇ ಪಕ್ಕದಲ್ಲಿ ಇನ್ನೊಂದು ದೀಪ. ಸಬ್ಬತ್ ದೀಪದ ಪಾವಿತ್ರ್ಯ ಇರುವುದೇ ಅದರ ಉಪಯೋಗದಲ್ಲಿ. ಆದ್ದರಿಂದಲೇ ಅದರ ಜಾಗ ಊಟದ ಮೇಜಿನ ಬಳಿ.

ವಿದ್ಯುತ್ ಬಂದ ಮೇಲೆ ಪ್ರಶ್ನೆ ಹೊಸದಾಗಿ ಎದ್ದಿತು. ಸಂಪ್ರದಾಯಸ್ಥರು ಸಬ್ಬತ್ ದಿನ ಸ್ವಿಚ್ ಮುಟ್ಟುವುದಿಲ್ಲ. ಹಜಾರದ ದೀಪಕ್ಕೆ ಟೈಮರ್ ಇಡುತ್ತಾರೆ, ಬಾಗಿಲು ತೆರೆದರೆ ಹೊತ್ತಿಕೊಳ್ಳುವ ಫ್ರಿಜ್ ಬಲ್ಬನ್ನು ಮೊದಲೇ ಕಳಚುತ್ತಾರೆ. ಕೋಣೆ ಆಗಲೇ ಬೆಳಗಿರುವಾಗ ಸಬ್ಬತ್ ದೀಪ ಹಚ್ಚುವಾಗಿನ ಸ್ತುತಿಯನ್ನು ಮೇಣದಬತ್ತಿಗೆ ಹೇಳುವುದು ಸಲ್ಲುವುದೇ? ಕೆಲವರು ವಿದ್ಯುದ್ದೀಪವನ್ನು ಒಮ್ಮೆ ಆರಿಸಿ, ಸಬ್ಬತ್ತಿಗೆಂದೇ ಮತ್ತೆ ಹಾಕಿ, ಮೇಣದಬತ್ತಿಯನ್ನೂ ಹಚ್ಚಿ, ಎರಡಕ್ಕೂ ಸೇರಿಸಿ ಸ್ತುತಿ ಹೇಳುತ್ತಾರೆ.