ಮಕ್ಕಳ ಕಾಲೇಜು ಪ್ರವೇಶವೂ ಮನೆತನದ ಮೆರವಣಿಗೆಯೂ

ಪಿ.ಯು.ಸಿ. ಫಲಿತಾಂಶವು ಪ್ರಕಟವಾಗಿ, ಸಿ.ಇ.ಟಿ. ಮತ್ತು ನೀಟ್ ಪರೀಕ್ಷೆಗಳ ಆಧಾರದಿಂದ ಸೀಟುಗಳ ಹಂಚಿಕೆ ನಡೆಯುವ ದಿನಗಳಲ್ಲಿ ನಮ್ಮ ಊರುಗಳ ವೃತ್ತಗಳಲ್ಲಿ ಒಂದು ಹೊಸ ರೂಢಿಯನ್ನು ಕಾಣುತ್ತಿರುವೆವು. ಹದಿನೇಳು ಹದಿನೆಂಟರ ಪ್ರಾಯದ ಮಗನ ಅಥವಾ ಮಗಳ ಭಾವಚಿತ್ರ, ಅದರ ಕೆಳಗೆ ದೊರೆತ ಕಾಲೇಜಿನ ಹೆಸರು, ಅದಕ್ಕೂ ಕೆಳಗೆ ಶುಭ ಕೋರುವ ಬಂಧುಗಳ ಸಾಲು ಸಾಲು ಮುಖಗಳು. (ಕೆಲವು ಫಲಕಗಳಲ್ಲಿ ಬಂಧುಗಳ ಮುಖವೇ ವಿದ್ಯಾರ್ಥಿಯ ಮುಖಕ್ಕಿಂತ ದೊಡ್ಡದಾಗಿರುವದು!) ಫಲಕ ಹಾಕಿಸಲು ಅನುಕೂಲವಿಲ್ಲದವರು ವಾಟ್ಸಾಪಿನಲ್ಲಿ ಸಾರುವರು. ಇದು ಸದ್ಭಕ್ತರ ಮನೆಗಳಿಗೆ ಒಪ್ಪುವದೇ ಎಂಬದು ವಿಚಾರಣೀಯವಾಗಿದೆ.

ಸಂತೋಷಪಡುವದು ದೋಷವೆಂದು ಯಾರೂ ಹೇಳಲಾರರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನರು ಕೂಡಿ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದುದು, ಸಿದ್ಧಗಂಗೆಯಂಥ ಮಠಗಳು ಸಾವಿರಾರು ಮಕ್ಕಳಿಗೆ ಅನ್ನವಿಕ್ಕಿ ಅಕ್ಷರ ಕಲಿಸಿದುದು, ಇಂಥ ದಿನವನ್ನು ಕಾಣಲೆಂದೇ ಅಲ್ಲವೇ? ಮನೆತನದಲ್ಲಿ ಮೊದಲ ಸಲ ಹೆಣ್ಣುಮಗಳೊಬ್ಬಳು ಕಾಲೇಜಿನ ಮೆಟ್ಟಿಲೇರಿದಳೆಂಬ ಸುದ್ದಿಯನ್ನು ಊರು ಕೇಳಬೇಕು. ಅದನ್ನು ಕೇಳಿ ನೆರೆಮನೆಯ ತಂದೆಯು ತನ್ನ ಮಗಳ ಮದುವೆಯ ಮಾತನ್ನು ಮೂರು ವರ್ಷ ಮುಂದೂಡಿದರೆ ಅದಕ್ಕಿಂತ ಪುಣ್ಯವಿಲ್ಲ. ಆದರೆ ಇಲ್ಲಿ ಸಾರಲ್ಪಡುವದು ಆಕೆ ಓದಲು ಹೊರಟಳೆಂಬದು. ಫಲಕಗಳು ಸಾರುವದು ಕಾಲೇಜಿನ ಹೆಸರನ್ನು.

ಇನ್ನೊಂದು ಸಂಗತಿಯನ್ನು ತಂದೆತಾಯಿಗಳು ಗಮನಿಸಿದಂತಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸೀಟು ಹಂಚುವದು ಒಂದೇ ಸುತ್ತಿನಲ್ಲಲ್ಲ. ಮೊದಲ ಸುತ್ತಿನಲ್ಲಿ ಸೀಟು ದೊರೆತವನು ಅದನ್ನು ಒಪ್ಪಿ ಸೇರಬಹುದು; ಒಪ್ಪಿಕೊಂಡೂ ಮೇಲಿನದಕ್ಕಾಗಿ ಮುಂದಿನ ಸುತ್ತಿಗೆ ಕಾಯಬಹುದು; ಬಿಟ್ಟುಕೊಟ್ಟು ಕಾಯಬಹುದು; ಇಲ್ಲವೆ ಪೂರ್ತಿಯಾಗಿ ಹೊರಬರಬಹುದು. ಮನಸ್ಸನ್ನು ಬದಲಿಸಲು ನಿಯಮವೇ ಎಡೆಗೊಟ್ಟಿದೆ. ನಾನು ಬಲ್ಲ ಒಬ್ಬ ಹುಡುಗನಿಗೆ ಮೊದಲ ಸುತ್ತಿನಲ್ಲಿ ಎಂಜಿನಿಯರಿಂಗ್ ಸೀಟು ಬಂದಿತು. ಅವನ ಒಲವು ಕೃಷಿ ವಿಜ್ಞಾನದ ಕಡೆಗಿದ್ದುದರಿಂದ ಕಾಯಬೇಕೆಂದಿದ್ದನು. ಅಷ್ಟರಲ್ಲಿ ಸೋದರಮಾವಂದಿರು ಬಸ್ ನಿಲ್ದಾಣದ ಎದುರಿಗೆ ಫಲಕವನ್ನು ಏರಿಸಿಬಿಟ್ಟಿದ್ದರು. "ಇಷ್ಟು ಮಂದಿ ನೋಡಿದ ಮೇಲೆ ಈಗ ಬದಲಿಸಿದರೆ ಏನೆಂದಾರು?" ಎಂದು ತಂದೆಯು ಕೇಳಿದನು. ಹುಡುಗನು ಮರುಮಾತನಾಡದೆ ಹೋಗಿ ಸೇರಿಕೊಂಡನು. ನಿಯಮವು ಕೊಟ್ಟ ಸ್ವಾತಂತ್ರ್ಯವನ್ನು ಒಂದು ಬಟ್ಟೆಯ ತುಂಡು ಕಸಿದುಕೊಂಡಿತು.

ಹೊಗಳಿಕೆಯ ಈ ಸ್ವಭಾವವನ್ನು ಬಸವಣ್ಣನವರು ಚೆನ್ನಾಗಿ ಅರಿತಿದ್ದರು. ತಮ್ಮವರೇ ಪ್ರೀತಿಯಿಂದ ಮಾಡುವ ಸ್ತುತಿಯನ್ನು ಅವರು ಬಂಗಾರದ ಶೂಲಕ್ಕೆ ಹೋಲಿಸಿರುವರು. ಬಂಗಾರವೆಂಬ ಮಾತ್ರಕ್ಕೆ ಶೂಲವು ಇರಿಯದೆ ಇರದು. ಏರಿಸುವವರು ಹಗೆಗಳಲ್ಲ, ನಂಟರು ಎಂಬಲ್ಲಿಯೇ ಆ ಹೋಲಿಕೆಯ ತಿರುಳಿದೆ. ಕಲ್ಯಾಣದ ಮಹಾಮಂತ್ರಿಗಳಾಗಿದ್ದವರೇ ಅದಕ್ಕೆ ಅಂಜಿದರೆಂದ ಮೇಲೆ ಹದಿನೇಳರ ಎಳೆಯನು ಅದನ್ನು ತಾಳಿಕೊಳ್ಳುವನೆಂದು ನಾವು ತಿಳಿಯುವದು ಹೇಗೆ? ಮೊದಲ ವರ್ಷದಲ್ಲಿ ಒಂದು ವಿಷಯದಲ್ಲಿ ಹಿಂದೆ ಬಿದ್ದರೆ ಅವನು ಮನೆಗೆ ಹೇಳಲಾರನು. ಊರಿಗೆ ಬಂದಾಗ ಆ ವೃತ್ತವನ್ನು ತಪ್ಪಿಸಿ ಬೇರೆ ದಾರಿಯಿಂದ ಬರುವನು.

ಫಲಕವಿಲ್ಲದ ಮನೆಗಳ ಮಾತೂ ಇದೆ. 2024ರಲ್ಲಿ ನೀಟ್ ಬರೆದವರು ಸುಮಾರು 23 ಲಕ್ಷ, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕೆ ತುಸು ಹೆಚ್ಚು. ಉಳಿದ ಮಕ್ಕಳು ಎಲ್ಲಿ ಮುಖವಿಟ್ಟುಕೊಳ್ಳಬೇಕು? ಅದೇ ಓಣಿಯಲ್ಲಿ ಐ.ಟಿ.ಐ. ಸೇರಿ ಫಿಟ್ಟರ್ ವಿದ್ಯೆ ಕಲಿಯುವ ಹುಡುಗನಿಗೆ ಫಲಕ ಹಾಕಿದವರನ್ನು ನಾನಂತೂ ಕಂಡಿಲ್ಲ. ಅಂಬಿಗರ ಚೌಡಯ್ಯನನ್ನೂ ಮಡಿವಾಳ ಮಾಚಯ್ಯನನ್ನೂ ನುಲಿಯ ಚಂದಯ್ಯನನ್ನೂ ಶರಣರೆಂದು ವಂದಿಸುವ ನಾವು, ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯಿಂದ ನುಡಿದು, ಕೆಳಗಿಳಿದೊಡನೆ ವೈದ್ಯಕೀಯಕ್ಕೆ ಹಾರವನ್ನೂ ಫಿಟ್ಟರಿಗೆ ಮೌನವನ್ನೂ ಹಂಚಿದರೆ ಮಕ್ಕಳು ನಮ್ಮ ನುಡಿಯನ್ನು ನಂಬುವರೇ? ಅವರು ನಂಬುವದು ಹಾರವನ್ನು. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2023ರಲ್ಲಿ, ಅನಾರೋಗ್ಯಕರ ಸ್ಪರ್ಧೆಯನ್ನು ತಪ್ಪಿಸಲೆಂದು, ಮೆರಿಟ್ ಪಟ್ಟಿಯನ್ನು ಪ್ರಕಟಿಸುವದಿಲ್ಲವೆಂದು ಸಾರಿತು. ಸರಕಾರದ ಮಂಡಳಿಗೆ ತೋರಿದ ಈ ವಿವೇಕವು ಶರಣರ ಮಕ್ಕಳಾದ ನಮಗೆ ಮೊದಲೇ ತೋರಬೇಕಾಗಿತ್ತು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದಾಗ ಲಕ್ಕಮ್ಮನು ಅದನ್ನು ಹಿಂದಿರುಗಿಸೆಂದು ಹೇಳಿದ ಕಥೆಯನ್ನು ಪುರಾಣಗಳಲ್ಲಿ ಕೇಳಿದ್ದೇವೆ. ಅಕ್ಕಿ ಕೆಟ್ಟದ್ದಾಗಿರಲಿಲ್ಲ, ತಮಗೆ ಬೇಕಾದುದಕ್ಕಿಂತ ಹೆಚ್ಚಾಗಿತ್ತು, ಅಷ್ಟೆ. ಸೀಟು ದೊರೆತ ಸಂತೋಷದಲ್ಲಿಯೂ ಮನೆಗೆ ಸಾಲುವಷ್ಟು ಇರುವದು, ಅದಕ್ಕೆ ಮೀರಿದ್ದೂ ಇರುವದು. ಲಿಂಗಪೂಜೆಯಾದ ಮೇಲೆ ಮಗುವಿಗೆ ವಿಭೂತಿಯಿಟ್ಟು ಹರಸಿ, ಅಕ್ಷರ ಕಲಿಸಿದ ಮಾಸ್ತರರನ್ನೂ ಶುಲ್ಕಕ್ಕೆ ಕೈಗಡ ಕೊಟ್ಟವರನ್ನೂ ಕರೆದು ಹೋಳಿಗೆಯ ಊಟಕ್ಕೆ ಕೂಡಿಸಿದರೆ ಮನೆಗೆ ಸಾಲುವದು. ಫಲಕಕ್ಕೆ ತೆಗೆದಿಟ್ಟ ಹಣದಿಂದ ಹತ್ತಿರದ ಪ್ರಸಾದನಿಲಯಕ್ಕೆ ಒಂದು ಚೀಲ ಜೋಳವನ್ನು ಕಳಿಸಬಹುದು. ನಾಲ್ಕು ಜನರಿಗೆ ತಿಳಿಸುವ ಮುನ್ನ ಮಗುವನ್ನೇ "ಹೇಳಲೇನು?" ಎಂದು ಕೇಳಬೇಕು, ಬೇಡವೆಂದರೆ ಬಿಡಬೇಕು. ಎಲ್ಲ ಸುತ್ತುಗಳು ಮುಗಿದು, ತರಗತಿಗಳು ನಡೆದು ಒಂದು ತಿಂಗಳಾದ ಮೇಲೆ ಈ ಊಟವನ್ನು ಇಟ್ಟುಕೊಂಡರೆ ಇನ್ನೂ ಚೆನ್ನು. ಅಲ್ಲಿಯ ಪಾಠ, ಅಲ್ಲಿಯ ಅನ್ನ, ಜೊತೆಯ ಹುಡುಗರು ಹಿಡಿಸಿದರೋ ಇಲ್ಲವೋ ಎಂಬದು ಅಷ್ಟರಲ್ಲಿ ಅವನಿಗೇ ಗೊತ್ತಾಗಿರುವದು.