ಬಾಗಿಲಲ್ಲಿ ನಿಂತವರು ಯಾರನ್ನು ತಡೆಯಬೇಕು?

ಪ್ರಶ್ನೆ: ನಮ್ಮ ಬಡಾವಣೆಯ ದೇವಸ್ಥಾನದ ಉತ್ಸವದಲ್ಲಿ ಬಾಗಿಲ ಹತ್ತಿರ ಸಾಲು ನೋಡಿಕೊಳ್ಳುವ ಕೆಲಸ ನನಗೆ ಬಂದಿದೆ. ಕಾಯಿ ಸುಲಿಯೋರು, ಕೊಬ್ಬರಿ ಒಡೆಯೋ ಹೆಂಗಸರು ಕೆಲಸದ ಬಟ್ಟೆಯಲ್ಲೇ ಬರ್ತಾರೆ. ಮಡಿ ಇಲ್ಲದವರನ್ನು ತಡೆಯಬೇಕೇ? ದ್ವಾರಪಾಲಕರಿಗೆ ಮೊದಲು ಪೂಜೆ ಏಕೆ?
– ಓದುಗರು, ತಿಪಟೂರು

ಉತ್ತರ: ಎರಡನೆಯ ಪ್ರಶ್ನೆ ಮೊದಲು ನೋಡೋಣ. ಅರ್ಚಕರು ಗರ್ಭಗುಡಿಯೊಳಗೆ ಹೋಗುವ ಮುನ್ನ ದ್ವಾರಪಾಲಕರನ್ನು ಪೂಜಿಸಿ ಅಪ್ಪಣೆ ಬೇಡುತ್ತಾರೆ. ಮನೆಯ ವ್ರತಗಳಲ್ಲೂ ದ್ವಾರಪಾಲಕ ಪೂಜೆ ಇದೆ. ನಾವು ನಾಲ್ಕು ಅಕ್ಷತೆ ಹಾಕಿ ಮುಂದೆ ಹೋಗಿಬಿಡುತ್ತೇವೆ, ಅಷ್ಟೆ. ದೇವರ ಸನ್ನಿಧಿಗೆ ಯಾರೂ ಹಕ್ಕು ಅಂತ ನುಗ್ಗುವಂತಿಲ್ಲ, ಕೇಳಿಕೊಂಡೇ ಹೋಗಬೇಕು ಅನ್ನೋದು ಅದರ ಅರ್ಥ. ಅರ್ಚಕರಿಗೇ ಈ ನಿಯಮ ಅಂದಮೇಲೆ ಸಮಿತಿಯವರಿಗೂ ಉಂಟು.

ಇನ್ನು ತಡೆಯುವ ಮಾತು. ಭಾಗವತದ ಮೂರನೇ ಸ್ಕಂಧದಲ್ಲಿ ಸನಕಾದಿ ನಾಲ್ವರು ವೈಕುಂಠದ ಆರು ಬಾಗಿಲು ದಾಟಿ ಏಳನೆಯದಕ್ಕೆ ಬಂದಾಗ ಜಯ-ವಿಜಯರು ಬೆತ್ತ ಅಡ್ಡ ಹಿಡಿದರು. ಕಾರಣ? ನೋಡಲು ಐದು ವರ್ಷದ ಹುಡುಗರು, ಮೈಮೇಲೆ ಬಟ್ಟೆಯಿಲ್ಲ! ಶಾಪ ತಗುಲಿ ಅವರು ಹಿರಣ್ಯಾಕ್ಷ-ಹಿರಣ್ಯಕಶಿಪುಗಳಾಗಿ, ರಾವಣ-ಕುಂಭಕರ್ಣರಾಗಿ, ಶಿಶುಪಾಲ-ದಂತವಕ್ರರಾಗಿ ಹುಟ್ಟಿದ್ದು ಎಲ್ಲರಿಗೂ ಗೊತ್ತು. ಮರೆತುಹೋಗುವುದು ನಡುವಿನ ಘಟ್ಟ. ಸ್ವಾಮಿಯೇ ಲಕ್ಷ್ಮಿಯೊಡನೆ ಕಾಲ್ನಡಿಗೆಯಲ್ಲಿ ಬಾಗಿಲಿಗೆ ಬಂದ. ಸೇವಕರು ಮಾಡಿದ ಅಪಚಾರ ನಾನೇ ಮಾಡಿದ ಹಾಗೆ ಎಂದು ಋಷಿಗಳ ಎದುರು ಒಪ್ಪಿಕೊಂಡ. ನೀವು ಬಾಗಿಲಲ್ಲಿ ಆಡುವ ಒಂದು ಒರಟು ಮಾತಿನ ಕೆಟ್ಟ ಹೆಸರು ಯಾರಿಗೆ ಬರುತ್ತದೆ, ಯೋಚಿಸಿ.

ಮಡಿ ಇರುವುದು ವಿಗ್ರಹ ಮುಟ್ಟುವವರಿಗೆ, ನೈವೇದ್ಯ ಬೇಯಿಸುವವರಿಗೆ. ದರ್ಶನಕ್ಕೆ ಬರುವವರು ಕೈಕಾಲು ತೊಳೆದರೆ ಸಾಕು. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯಿ ಸುಲಿದರೆ ನಾರು, ದೂಳು ಮೈಗೆ ಅಂಟದೆ ಇರುತ್ತದೆಯೇ? ಹಣ್ಣುಕಾಯಿ ತಟ್ಟೆಯಲ್ಲಿ ನಾವು ಒಯ್ಯುವ ಕಾಯಿಯನ್ನು ಸುಲಿದದ್ದೂ ಅಂಥದೇ ಕೈ. ಕಾಯಿ ಒಳಗೆ ಹೋಗಬಹುದು, ಕೈ ಹೊಸ್ತಿಲಾಚೆ ನಿಲ್ಲಬೇಕು ಅನ್ನೋದು ಯಾವ ಶಾಸ್ತ್ರ? ಜಾತಿ ನೋಡಿ ತಡೆಯುವುದಂತೂ 1955ರ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿ ಚರ್ಚೆಯೇ ಇಲ್ಲ.

ಹಾಗಂತ ಯಾರನ್ನೂ ತಡೆಯಬಾರದು ಅಂತಲ್ಲ. ಕುಡಿದು ಬಂದವರನ್ನು, ನೈವೇದ್ಯಕ್ಕೆ ತೆರೆ ಹಾಕಿದಾಗ ಇಣುಕುವವರನ್ನು, ಸಾಲು ಮುರಿಯುವವರನ್ನು ತಡೆಯಿರಿ. ಅವರು ನಿಮ್ಮ ಬೀಗರಾಗಿರಲಿ, ದೊಡ್ಡ ಮೊತ್ತದ ರಸೀದಿ ಬರೆಸಿದವರಾಗಿರಲಿ. (ಇದು ಮೊದಲಿನದಕ್ಕಿಂತ ಕಷ್ಟ, ಗೊತ್ತು.) ಯಹೂದ್ಯರ ಹಳೆಯ ಜೆರುಸಲೇಮ್ ದೇವಾಲಯದಲ್ಲೂ ಲೇವಿ ಕುಲದ ದ್ವಾರಪಾಲಕರಿದ್ದರು. ಯಾವ ಬಾಗಿಲು ಯಾರಿಗೆ ಅನ್ನೋದನ್ನು ದೊಡ್ಡವರು ಚಿಕ್ಕವರೆನ್ನದೆ ಚೀಟಿ ಹಾಕಿ ತೀರ್ಮಾನಿಸಿದರು ಎಂದು ಅವರ ಗ್ರಂಥ ಹೇಳುತ್ತದೆ. ದಿನಾ ಬೆಳಿಗ್ಗೆ ಬಾಗಿಲು ತೆರೆಯುವುದೂ ಅವರದೇ ಕೆಲಸ. ನಿಮ್ಮ ಸಮಿತಿಯೂ ಹೀಗೆ ಚೀಟಿ ಎತ್ತಿದರೆ ಒಳ್ಳೆಯದು.

ಉತ್ಸವದ ದಿನ ಬಾಗಿಲ ಪಕ್ಕ ಒಂದು ಹಂಡೆ ನೀರು, ಚೊಂಬು, ಒರೆಸಿಕೊಳ್ಳಲು ಟವೆಲು ಇಡಿಸಿ. ಸಂಜೆ ಅವರು ಕೆಲಸ ಬಿಟ್ಟು ಬರುವಷ್ಟರಲ್ಲಿ ಮಂಗಳಾರತಿ ಮುಗಿದುಹೋಗುವುದಾದರೆ, ಅರ್ಧ ಗಂಟೆ ಮುಂದಕ್ಕೆ ಹಾಕಲು ಆಗುತ್ತದೆಯೇ ಅಂತ ಅರ್ಚಕರನ್ನು ಈಗಲೇ ಕೇಳಿ ನೋಡಿ.